ಹಳೇ ಕಂಪ್ಯೂಟರಿಗೆ ಹೊರಗಿನ ಹಗೇವು

ನಮ್ಮ ಮನೆಯ ಕಂಪ್ಯೂಟರು 2010ರಲ್ಲಿ ಮಗನ ಓದಿಗೆಂದು ತಂದದ್ದು. ಅವನು ಬೆಂಗಳೂರು ಸೇರಿದ ಮೇಲೆ ಅದು ನನ್ನ ಪಾಲಿಗೆ ಬಂತು. ಮಳೆ ಲೆಕ್ಕ, ಶೇಂಗಾ ಖರ್ಚು, ಪಹಣಿ, ಸಾಲ ತೀರಿಸಿದ ರಸೀದಿಗಳ ಫೋಟೊ ಎಲ್ಲಾ ಅದರೊಳಗೇ. ಹೋದ ವರ್ಷ 'ಜಾಗ ಇಲ್ಲ' ಅನ್ನೋಕೆ ಶುರು ಮಾಡಿತು. ಹೊಸದು ತರೋಣವೆಂದರೆ ಶೇಂಗಾ ಕೈಕೊಟ್ಟ ವರ್ಷ.

ಮಗನ ಹಳೇ ಲ್ಯಾಪ್‌ಟಾಪು ಪರದೆ ಒಡೆದು ಮೂಲೆಯಲ್ಲಿತ್ತು. ಅದರ ಡಿಸ್ಕು ಬಿಚ್ಚಿಸಿ, ಕೆಲವೇ ನೂರು ರೂಪಾಯಿಯ ಯುಎಸ್‌ಬಿ ಕೇಸಿನಲ್ಲಿ ಕೂರಿಸಿದೆ. ಮುಂದಿನ ತೂತಿಗೆ ಚುಚ್ಚಿದರೆ ಬರೀ ಟಿಕ್ ಟಿಕ್ ಸದ್ದು, ಪರದೆ ಮೇಲೆ ಏನೂ ಇಲ್ಲ. 'ಡಿಸ್ಕು ಸತ್ತಿದೆ ಯಜಮಾನ್ರೇ, ಹೊಸದು ತಗೊಳ್ಳಿ' ಎಂದ ಅಂಗಡಿಯವನು. ಮಗ ಫೋನಿನಲ್ಲಿ, 'ಅಪ್ಪಾ, ಹಿಂದ್ಗಡೆ ಚುಚ್ಚಿ ನೋಡು' ಅಂದ. ಚುಚ್ಚಿದೆ, ಓಡಿತು!

ಕಾರಣ ನಮಗೆ ಗೊತ್ತಿರೋದೇ. ವೋಲ್ಟೇಜು ಇಲ್ಲದಾಗ ಬೋರಿನ ಮೋಟರು ಗುಂಯ್ ಅನ್ನುತ್ತದೆ, ಎತ್ತುವುದಿಲ್ಲ. ಡಿಸ್ಕಿನೊಳಗೂ ತಿರುಗುವ ತಟ್ಟೆ ಇದೆ, ಶುರುವಿಗೆ ಹೆಚ್ಚು ಕರೆಂಟು ಬೇಕು. ಹಳೇ ಯುಎಸ್‌ಬಿ 2.0 ತೂತು ಕೊಡಬೇಕಾದ್ದು 500 ಮಿಲಿ ಆಂಪಿಯರ್. ಮುಂದಿನ ತೂತಿಗೆ ಪೆಟ್ಟಿಗೆಯೊಳಗೆ ಸಣ್ಣ ವೈರು ಎಳೆದಿರುತ್ತಾರೆ, ಅಲ್ಲೇ ಸ್ವಲ್ಪ ಸೋರುತ್ತದೆ. ಹಿಂದಿನದು ನೇರ ಬೋರ್ಡಿನ ಮೇಲೇ ಇರುತ್ತದೆ. ಆದ್ದರಿಂದ ಗಿಡ್ಡ ಕೇಬಲ್ಲು, ಹಿಂದಿನ ತೂತು. ಮೂರೂವರೆ ಇಂಚಿನ ದೊಡ್ಡ ಡಿಸ್ಕಾದರೆ ಬೇರೆ ಅಡಾಪ್ಟರೇ ಬೇಕು.

ಹೊಸ ಡಿಸ್ಕು ಕೊಳ್ಳುವವರು ಕೇಳಿ. ನೀಲಿ ನಾಲಿಗೆಯ ಯುಎಸ್‌ಬಿ 3.0 ಡಿಸ್ಕು ಹಳೇ ತೂತಿನಲ್ಲೂ ನಡೆಯುತ್ತದೆ, ಆದರೆ ಹಳೇ ನಡಿಗೆಯಲ್ಲೇ. 100 ಜಿಬಿ ತುಂಬಲು ಸುಮಾರು ಒಂದು ತಾಸು. ವಿಂಡೋಸ್ ಎಕ್ಸ್‌ಪಿ ಇದ್ದರೆ 2 ಟಿಬಿಗಿಂತ ದೊಡ್ಡದು ಬೇಡ. ಫ್ಯಾಟ್32 ಮಾಡಿದ ಡಿಸ್ಕಿನಲ್ಲಿ 4 ಜಿಬಿ ದಾಟಿದ ಒಂದೇ ಫೈಲು ಹಿಡಿಯದು, ಮದುವೆ ವೀಡಿಯೊ ಇಟ್ಟವರಿಗೆ ಎನ್‌ಟಿಎಫ್‌ಎಸ್ ವಾಸಿ. ಫಾರ್ಮ್ಯಾಟ್ ಒತ್ತಿದರೆ ಮೊದಲಿದ್ದುದೆಲ್ಲ ಹೋಗುತ್ತದೆ, ಎಚ್ಚರ.

ನಾನೊಂದು ದಡ್ಡತನ ಮಾಡಿದ್ದೆ. ಜಾಗ ಆಗಲೆಂದು ರಸೀದಿಗಳನ್ನೂ 'ಕಟ್' ಮಾಡಿ ಹೊರಗೆ ಸಾಗಿಸಿಬಿಟ್ಟೆ. ಆ ಡಿಸ್ಕೂ ಹಳೇದೇ ಅಲ್ಲವೇ! ತೀರಿಸಿದ ಸಾಲವನ್ನೇ ಮತ್ತೆ ಕೇಳಿ ನೋಟೀಸು ಬಂದಾಗ ಆ ಫೋಟೊವೇ ನನ್ನನ್ನು ಉಳಿಸಿತ್ತು. ರಾತ್ರಿ ನಿದ್ದೆ ಬರಲಿಲ್ಲ, ಬೆಳಗ್ಗೆದ್ದು ವಾಪಸ್ ಕಾಪಿ ಮಾಡಿದೆ. ಈಗ ವೀಡಿಯೊ ಹೊರಗೆ, ಕಾಗದಪತ್ರ ಎರಡೂ ಕಡೆ.

ತಿಂಗಳ ಮಳೆ ಬರೆದ ದಿನ ಚುಚ್ಚಿ, ಕಾಪಿ ಮಾಡಿ, 'ಸೇಫ್ಲಿ ರಿಮೂವ್' ಒತ್ತಿ, ತಟ್ಟೆ ನಿಂತ ಮೇಲೆ ಕೀಳುತ್ತೇನೆ. ಆಮೇಲೆ ಅದು ಟ್ರಂಕಿನಲ್ಲಿ, ಪತ್ರಗಳ ಜೊತೆ.