ಗಂಟೆಗಳ ಲೆಕ್ಕ

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿದ ನನಗೆ ಅಂಕಪಟ್ಟಿಗಳ ಮೇಲೆ ಎಂದೂ ಹೆಚ್ಚಿನ ಭಕ್ತಿ ಇರಲಿಲ್ಲ. ಅಂಕ ಕೊಡುವವನು ನಾನೇ ಆದ್ದರಿಂದ ಅವುಗಳ ಯೋಗ್ಯತೆಯೂ ನನಗೆ ಗೊತ್ತಿತ್ತು. ತಲೆನೋವಿನ ದಿನ ತಿದ್ದಿದ ಉತ್ತರಪತ್ರಿಕೆಗೂ ಮಳೆ ನಿಂತ ಸಂಜೆ ತಿದ್ದಿದ ಉತ್ತರಪತ್ರಿಕೆಗೂ ನಾಲ್ಕೈದು ಅಂಕಗಳ ಅಂತರ ಬೀಳುವುದುಂಟೆಂಬುದನ್ನು ಪ್ರಾಮಾಣಿಕನಾದ ಯಾವ ಉಪಾಧ್ಯಾಯನೂ ಒಪ್ಪಿಕೊಂಡಾನು. ಆದರೆ ಒಂದು ಕಾಗದವು ಮನುಷ್ಯನ ಪರವಾಗಿ ಸಮುದ್ರ ದಾಟಿ ಹೋಗಿ ಸಾಕ್ಷಿ ನುಡಿಯಬೇಕಾಗಿ ಬಂದಾಗ ಅದರ ಬೆಲೆ ಎಷ್ಟಾಗುತ್ತದೆಂಬುದನ್ನು ನಾನು ಕಲಿತದ್ದು ನಿವೃತ್ತನಾದ ಮೇಲೆ, 2019ರಲ್ಲಿ. ಕಲಿಸಿದವಳು ನನ್ನ ಅಕ್ಕನ ಮಗಳು.

ಅವಳು ಮಂಗಳೂರಿನ ಆಸ್ಪತ್ರೆಯೊಂದರ ಶಾಲೆಯಲ್ಲಿ ಮೂರೂವರೆ ವರ್ಷ ಓದಿ ನರ್ಸಿಂಗ್ ಡಿಪ್ಲೊಮಾ ಪಡೆದವಳು. ಮತ್ತೆ ಎರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್‌ಸಿ. ಮುಗಿಸಿದವಳು. ಅದಾದ ಮೇಲೆ ಒಂಬತ್ತು ವರ್ಷ ವಾರ್ಡಿನಲ್ಲಿ ದುಡಿದಳು. ನನ್ನ ತಾಯಿ ಕೊನೆಯ ಎರಡು ತಿಂಗಳು ಹಾಸಿಗೆ ಹಿಡಿದಾಗ ರಜೆ ಹಾಕಿ ಶಿವಮೊಗ್ಗಕ್ಕೆ ಬಂದು, ಬೆನ್ನಿಗೆ ಹುಣ್ಣಾಗದಂತೆ ಎರಡೆರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದವಳು ಅವಳೇ. ಅವಳ ಕೈ ಎಂಥದೆಂದು ತಿಳಿಯಲು ನಮ್ಮ ಮನೆಯವರಿಗೆ ಬೇರೆ ಪ್ರಮಾಣಪತ್ರ ಬೇಕಿರಲಿಲ್ಲ.

ಗಂಡನಿಗೆ ಕೆನಡಾದ ಹ್ಯಾಲಿಫ್ಯಾಕ್ಸ್ ಪಟ್ಟಣದಲ್ಲಿ ಕೆಲಸ ಸಿಕ್ಕಿತು. ಇವಳೂ ಹೊರಟಳು. “ನರ್ಸುಗಳಿಗೆ ಅಲ್ಲಿ ತುಂಬ ಬೇಡಿಕೆಯಂತೆ, ಮಾವ” ಎಂದಳು. ಬೇಡಿಕೆ ಇದ್ದದ್ದು ನಿಜ. ಆದರೆ ಬೇಡಿಕೆಗೂ ಬಾಗಿಲಿಗೂ ನಡುವೆ ಒಂದು ಉದ್ದನೆಯ ಪಡಸಾಲೆ ಇರುತ್ತದೆಂಬುದು ನಮಗೆ ತಿಳಿದಿರಲಿಲ್ಲ.

ಹೊರದೇಶದಲ್ಲಿ ಕಲಿತ ನರ್ಸು ಆ ನಾಡಿನಲ್ಲಿ ಪರವಾನಗಿ ಬೇಡಿದರೆ ಮೊದಲು ಅವಳ ಓದನ್ನು ಅಲ್ಲಿಯ ಓದಿನೊಡನೆ ತೂಗಿ ನೋಡುತ್ತಾರೆ. ಈ ತೂಕಕ್ಕೆ ಅವಳ ಮಾತು ಸಾಲದು; ಅವಳ ಕೈಯಲ್ಲಿರುವ ಪ್ರಮಾಣಪತ್ರವೂ ಸಾಲದು. ಕಲಿತ ಶಾಲೆ, ನೋಂದಣಿ ಮಾಡಿಕೊಂಡ ಪರಿಷತ್ತು, ದುಡಿಸಿಕೊಂಡ ಆಸ್ಪತ್ರೆ ಈ ಮೂವರೂ ಬೇರೆ ಬೇರೆಯಾಗಿ, ನೇರವಾಗಿ, ತಮ್ಮ ಮೊಹರು ಒತ್ತಿ ಬರೆಯಬೇಕು. ನಡುವೆ ಅಭ್ಯರ್ಥಿಯ ಕೈ ಸೋಕಕೂಡದು. ಇಂಗ್ಲಿಷ್ ಭಾಷೆಯ ಪರೀಕ್ಷೆ ಬೇರೆ. ಆಮೇಲೆ ಪರವಾನಗಿಯ ಪರೀಕ್ಷೆ.

ಅವಳು ಅಷ್ಟು ದೂರದಿಂದ ಬರೆದ ಮೂರು ಕಾಗದಗಳಿಗೆ ಶಾಲೆಯಿಂದ ಉತ್ತರ ಬರಲಿಲ್ಲ. ಆದ್ದರಿಂದ ಅವಳ ಒಪ್ಪಿಗೆ ಪತ್ರ ಹಿಡಿದು ನಾನೇ ಘಟ್ಟ ಇಳಿದೆ. ಕಚೇರಿಯ ಗುಮಾಸ್ತರು ನಮೂನೆಯನ್ನು ತಿರುವಿ ನೋಡಿ, “ಇದರಲ್ಲಿ ಗಂಟೆ ಕೇಳಿದ್ದಾರೆ ಸಾರ್. ನಮ್ಮಲ್ಲಿರುವುದು ವಾರದ ಲೆಕ್ಕ” ಎಂದು ಹಿಂದಿರುಗಿಸಿದರು. ನಮೂನೆಯ ಪ್ರಶ್ನೆಗಳು ಸ್ಪಷ್ಟವಾಗಿದ್ದುವು. ಹಿರಿಯರ ಶುಶ್ರೂಷೆ, ಮಕ್ಕಳ ಶುಶ್ರೂಷೆ, ಬಾಣಂತಿಯರ ಆರೈಕೆ, ಮನೋರೋಗಿಗಳ ಆರೈಕೆ, ಸಮುದಾಯದ ಆರೋಗ್ಯ: ಪ್ರತಿಯೊಂದರಲ್ಲಿಯೂ ಪಾಠ ಎಷ್ಟು ಗಂಟೆ, ರೋಗಿಯ ಬಳಿ ಎಷ್ಟು ಗಂಟೆ? ಶಾಲೆಯ ಹಳೆಯ ಪುಸ್ತಕದಲ್ಲಿದ್ದದ್ದು “ಮಕ್ಕಳ ವಾರ್ಡು, ಎಂಟು ವಾರ” ಎಂಬಂಥ ಸಾಲುಗಳು ಮಾತ್ರ.

ನನ್ನ ಪುಣ್ಯಕ್ಕೆ ಅಲ್ಲಿ ಒಬ್ಬ ಹಿರಿಯ ಟ್ಯೂಟರ್ ಇದ್ದರು. ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದ ಆಕೆ ಹಾಜರಿ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದರು. “ಗುಣಿಸಿದರಾಯಿತಲ್ಲ” ಎಂದೆ ನಾನು. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಆರು ದಿನ. ಎಂಟು ವಾರಕ್ಕೆ 384 ಗಂಟೆ. ಆಕೆ ತಲೆಯಾಡಿಸಿದರು. “ಆ ತಿಂಗಳಲ್ಲಿ ಅವಳು ನಾಲ್ಕು ದಿನ ಜ್ವರದಲ್ಲಿ ಮಲಗಿದ್ದಳು ಮಾಸ್ತರೇ. 352 ಎಂದು ಬರೆಯಿರಿ.” ನಾನು ಮುಖ ಸಪ್ಪಗೆ ಮಾಡಿದ್ದನ್ನು ಕಂಡು, “ನಾನು ಮೂವತ್ತೆರಡು ಗಂಟೆ ಸುಳ್ಳು ಬರೆದರೆ ಉಳಿದ ಗಂಟೆಗಳೂ ಸುಳ್ಳಾಗುತ್ತವೆ” ಎಂದರು. ಎರಡು ಮಧ್ಯಾಹ್ನ ಕುಳಿತು ಕೂಡಿದೆವು, ಕಳೆದೆವು. ನಾನೇ ಹೆಣಗಿ ಭರ್ತಿ ಮಾಡಿಸಿದ ಆ ಲಕೋಟೆಯನ್ನು ಅಂಚೆಗೆ ಹಾಕುವ ಹಕ್ಕು ಮಾತ್ರ ನನಗಿರಲಿಲ್ಲ. ಅರಗಿನ ಮೊಹರು ಬಿದ್ದ ಅದು ಜವಾನನ ಕೈಯಲ್ಲಿ ಹೋಗುವುದನ್ನು ಜಗಲಿಯಲ್ಲಿ ನಿಂತು ನೋಡಿದೆ.

ಈ ಕಟ್ಟುನಿಟ್ಟನ್ನು ಬರಿದೇ ಹಳಿಯುವುದು ನ್ಯಾಯವಲ್ಲ. ಪ್ರಜ್ಞೆ ತಪ್ಪಿ ಮಲಗಿದ ರೋಗಿಯು ಸೂಜಿ ಹಿಡಿದು ಬಂದವಳನ್ನು “ನೀನು ಎಲ್ಲಿ ಕಲಿತೆ?” ಎಂದು ಕೇಳಲಾರ. ಅವನ ಪರವಾಗಿ ಯಾರಾದರೂ ಮೊದಲೇ ಕೇಳಿರಬೇಕು. ಕೇಳಬೇಕೇ ಬೇಡವೇ ಎಂಬ ವಾದವೂ ಹಳೆಯದೇ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯನ್ನು ಸ್ಥಾಪಿಸಿದ ಫ್ಲಾರೆನ್ಸ್ ನೈಟಿಂಗೇಲ್ ಅವರೇ ನೋಂದಣಿಯನ್ನು ವಿರೋಧಿಸಿದ್ದರೆಂದರೆ ಹಲವರಿಗೆ ಆಶ್ಚರ್ಯವಾದೀತು. ದಾದಿಯ ನಡತೆಯನ್ನೂ ಕರುಣೆಯನ್ನೂ ಪರೀಕ್ಷೆ ಅಳೆಯಲಾರದೆಂಬುದು ಅವರ ಅಭಿಪ್ರಾಯ. ಆದರೆ ಕಾಲ ಅವರ ಮಾತನ್ನು ಕೇಳಲಿಲ್ಲ. ನ್ಯೂಜಿಲೆಂಡ್ 1901ರಲ್ಲಿ ದಾದಿಯರ ನೋಂದಣಿಗೆಂದೇ ಕಾಯಿದೆ ಮಾಡಿತು. ಇಂಗ್ಲೆಂಡಿನಲ್ಲಿ ಅದು 1919ರಲ್ಲಿ ಬಂದಿತು. ನಮ್ಮಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯಿದೆ 1947ರದು. ಹೊರಗಿನಿಂದ ಬಂದ ಅನೇಕ ನರ್ಸುಗಳು ಪರವಾನಗಿ ಪರೀಕ್ಷೆಯಲ್ಲಿ ಸೋಲುವುದನ್ನು ಕಂಡ ಅಮೆರಿಕದವರು, ಅವರನ್ನು ಮೊದಲೇ ಪರಿಶೀಲಿಸುವುದಕ್ಕಾಗಿ 1977ರಲ್ಲಿ ಒಂದು ಆಯೋಗವನ್ನೇ ನಿಲ್ಲಿಸಿದರು. ನಮ್ಮ ಟ್ಯೂಟರಮ್ಮ ಮೂವತ್ತೆರಡು ಗಂಟೆ ಕಳೆದದ್ದು ಯಾವ ಧರ್ಮದಿಂದಲೋ ಈ ಪರಿಶೀಲನೆಯ ಒಳ್ಳೆಯ ಭಾಗವೂ ಅದೇ ಧರ್ಮದ್ದು.

ಆದರೆ ತಕ್ಕಡಿ ತೂಗುತ್ತಿರುವಾಗ ತೂಗಿಸಿಕೊಳ್ಳುವವಳ ಹೊಟ್ಟೆಪಾಡು ನಡೆಯಬೇಕಲ್ಲ. ನನ್ನ ಸೊಸೆ ಹ್ಯಾಲಿಫ್ಯಾಕ್ಸಿನ ಒಂದು ವೃದ್ಧಾಶ್ರಮದಲ್ಲಿ ಸಹಾಯಕಿಯಾಗಿ ಸೇರಿದಳು. ಸ್ನಾನ ಮಾಡಿಸುವುದು, ಊಟ ಮಾಡಿಸುವುದು, ಹಾಸಿಗೆ ಬದಲಿಸುವುದು ಅವಳ ಕೆಲಸ. ಔಷಧದ ಪೆಟ್ಟಿಗೆಯನ್ನು ಮುಟ್ಟುವಂತಿಲ್ಲ. 2020ರಲ್ಲಿ ಕೋವಿಡ್ ಮಾರಿ ಕೆನಡಾದ ವೃದ್ಧಾಶ್ರಮಗಳನ್ನು ಕ್ರೂರವಾಗಿ ಹೊಡೆಯಿತು. ಆ ದಿನಗಳ ಒಂದು ರಾತ್ರಿ ಮುದುಕರೊಬ್ಬರು ಏನೇನೋ ಬಡಬಡಿಸತೊಡಗಿದರು. ಉಳಿದವರು ವಯಸ್ಸಿನ ಮರವೆಯೆಂದರು. ಇವಳು ಹೊದಿಕೆಯ ಏರಿಳಿತವನ್ನು ನೋಡುತ್ತ ನಿಂತು ಉಸಿರನ್ನು ಎಣಿಸಿದಳು: ನಿಮಿಷಕ್ಕೆ ಇಪ್ಪತ್ತೆಂಟು. ಓಡಿಹೋಗಿ ಪಾಳಿಯ ನರ್ಸನ್ನು ಕರೆತಂದಳು. ರೋಗಿಯನ್ನು ಕೂಡಲೇ ಆಸ್ಪತ್ರೆಗೆ ಸಾಗಿಸಿದರು, ಅವರು ಉಳಿದರು. ನರ್ಸು ಮೆಚ್ಚಿ, “ನಿನಗೆ ಹೇಗೆ ತಿಳಿಯಿತು?” ಎಂದು ಕೇಳಿದಳಂತೆ.

“ನೀನು ಏನು ಹೇಳಿದೆ?” ಎಂದೆ ಫೋನಿನಲ್ಲಿ.

“ನೋಡಿದರೆ ಹಾಗೆ ಅನ್ನಿಸಿತು, ಎಂದೆ ಮಾವ. ಒಂಬತ್ತು ವರ್ಷ ನರ್ಸಾಗಿದ್ದೆ ಎಂದು ಹೇಳಲು ನಾಚಿಕೆಯಾಯಿತು.”

ಆ ನಾಚಿಕೆಯ ಮಾತು ನನ್ನನ್ನು ಬಹಳ ದಿನ ಕಾಡಿತು. ತಪ್ಪು ಮಾಡದವರಿಗೂ ನಾಚಿಕೆ ಕಲಿಸುವ ವ್ಯವಸ್ಥೆಯಲ್ಲಿ ಎಲ್ಲಿಯೋ ಒಂದು ದೋಷವಿರಲೇಬೇಕು.

ಪರಿಶೀಲನೆಯ ವರದಿ ಬಂದಿತು. ಅವಳ ವಿದ್ಯೆ “ಸ್ವಲ್ಪಮಟ್ಟಿಗೆ ಸಮಾನ”ವಾದದ್ದೆಂದು ತೀರ್ಪಾಗಿತ್ತು. ಕೊರತೆ ತುಂಬಲು ಮತ್ತೆ ಓದಬೇಕು. ಓದಲು ಹಣ ಬೇಕು. ಹಣಕ್ಕಾಗಿ ಸಹಾಯಕಿಯ ಪಾಳಿಗಳು ಹೆಚ್ಚಬೇಕು. ಇತ್ತೀಚಿನ ವರ್ಷಗಳಲ್ಲಿ ನರ್ಸಾಗಿ ದುಡಿದಿರಬೇಕೆಂಬ ನಿಯಮವೂ ಇಂಥ ಕಡೆ ಇರುತ್ತದೆ. ಕಾಯುವುದರಲ್ಲಿಯೇ ಆ ವರ್ಷಗಳು ಸವೆಯುತ್ತವೆ. ನಮ್ಮ ಅಕ್ಕ, “ಹಿಂದಕ್ಕೆ ಬಂದುಬಿಡೇ” ಎಂದು ಅತ್ತಳು. ಅವಳು ಬರಲಿಲ್ಲ.

2023ರಲ್ಲಿ ನೋವಾ ಸ್ಕೋಷಿಯಾ ಪ್ರಾಂತ್ಯ ದಾರಿ ಬದಲಿಸಿತು. ಭಾರತ, ಫಿಲಿಪೈನ್ಸ್, ನೈಜೀರಿಯಾ ಮೊದಲಾದ ಕೆಲವು ದೇಶಗಳಲ್ಲಿ ನೋಂದಾಯಿತರಾಗಿ ಒಳ್ಳೆಯ ಹೆಸರು ಉಳಿಸಿಕೊಂಡವರು ಹಳೆಯ ದೀರ್ಘ ತುಲನೆಯನ್ನು ದಾಟಿ ಪರವಾನಗಿ ಪರೀಕ್ಷೆಯತ್ತ ಬರಬಹುದೆಂದಿತು. ಆಲ್ಬರ್ಟಾ ಪ್ರಾಂತ್ಯವೂ ಅದೇ ವರ್ಷ ಇಂಥದೇ ದಾರಿ ತೆರೆಯಿತು. ನನ್ನ ಸೊಸೆಯ ಓದು ಒಂದು ಗಂಟೆಯೂ ಹೆಚ್ಚಿರಲಿಲ್ಲ. ಮಕ್ಕಳ ವಾರ್ಡಿನ ಗಂಟೆಗಳು ಅದೇ 352 ಆಗಿದ್ದುವು. ಬದಲಾದದ್ದು ಅಳತೆಗೋಲು, ಅದನ್ನು ಬದಲಾಯಿಸಿದ್ದು ಅವರ ಆಸ್ಪತ್ರೆಗಳಲ್ಲಿ ನರ್ಸಿಲ್ಲದ ಪಾಳಿಗಳು.

ಪರೀಕ್ಷೆಯದೂ ಒಂದು ವಿಚಿತ್ರ. ಎನ್‌ಕ್ಲೆಕ್ಸ್ ಎಂದು ಅದರ ಹೆಸರು. ಉತ್ತರ ಸರಿಯಾದರೆ ಯಂತ್ರ ಮುಂದೆ ಕಠಿಣ ಪ್ರಶ್ನೆ ಕೊಡುತ್ತದೆ, ತಪ್ಪಾದರೆ ಸುಲಭದ್ದು. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು. ತೀರ್ಪಿನ ಬಗ್ಗೆ ಯಂತ್ರಕ್ಕೆ ನಂಬಿಕೆ ಹುಟ್ಟಿದೊಡನೆ ಅದು ತಾನಾಗಿ ನಿಲ್ಲುತ್ತದೆ. ಇವಳಿಗೆ ತೊಂಬತ್ತು ದಾಟುವ ಮೊದಲೇ ನಿಂತಿತು. ಸೋತೆನೋ ಗೆದ್ದೆನೋ ತಿಳಿಯದೆ ಹಿಮದಲ್ಲಿ ಬಸ್ಸಿಗಾಗಿ ಕಾದಳಂತೆ. ಗೆದ್ದಿದ್ದಳು.

ಇಷ್ಟಕ್ಕೆ ನಾನು ಹಿಗ್ಗಬೇಕೋ ಬೇಡವೋ ಎಂಬ ಅಳುಕೂ ಉಂಟು. ನಮ್ಮ ಜಿಲ್ಲಾ ಆಸ್ಪತ್ರೆಗಳ ವಾರ್ಡಿನಲ್ಲಿ ಒಬ್ಬಳೇ ನರ್ಸು ಎಷ್ಟು ಮಂಚಗಳ ನಡುವೆ ಓಡಾಡುತ್ತಾಳೆಂಬುದನ್ನು ಕಂಡವರಿಗೆ ಆ ಅಳುಕು ಅರ್ಥವಾದೀತು. ಕೊರತೆಯಿರುವ ದೇಶಗಳಿಂದ ಆರೋಗ್ಯ ಕಾರ್ಯಕರ್ತರನ್ನು ಸೆಳೆಯುವಾಗ ಸಂಯಮವಿರಲೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಒಂದು ನೀತಿಸಂಹಿತೆಯನ್ನು ಒಪ್ಪಿತು. ಆದರೆ ಇಲ್ಲಿ ಸಿಗುವ ಸಂಬಳದ ಚೀಟಿಯನ್ನು ನೋಡಿದ ಮೇಲೆ, ಹೋಗಬೇಡ ಎಂದು ಹೇಳುವ ಬಾಯಿ ನನಗಿಲ್ಲ.

ಮೊನ್ನೆ ಭಾನುವಾರ ಫೋನು ಮಾಡಿದ್ದಳು. ಈಗ ಅವಳು ಆಸ್ಪತ್ರೆಯ ವಾರ್ಡಿನಲ್ಲಿದ್ದಾಳೆ. ಅಲ್ಲಿಗೆ ಸಹಾಯಕಿಯಾಗಿ ನೈಜೀರಿಯಾದ ಹೆಂಗಸೊಬ್ಬಳು ಬಂದಿದ್ದಾಳಂತೆ. ಮಾತು ಕಡಮೆ, ಕೆಲಸ ಅಚ್ಚುಕಟ್ಟು. ಹಾಸಿಗೆಯ ಮೂಲೆ ಮಡಿಸುವ ರೀತಿಯನ್ನು ನೋಡಿಯೇ ಇವಳಿಗೆ ಅನುಮಾನ ಬಂದಿತಂತೆ.

“ರಾತ್ರಿ ಒಬ್ಬ ರೋಗಿಯನ್ನು ನೋಡಲು ಅವಳನ್ನೂ ಜೊತೆಗೆ ಕರೆದುಕೊಂಡು ಹೋದೆ ಮಾವ. ನಿನಗೆ ಏನು ಕಾಣುತ್ತದೆ, ಹೇಳು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಎಲ್ಲವನ್ನೂ ಸರಿಯಾಗಿ ಹೇಳಿದಳು.”

“ಅವಳ ಕಾಗದಗಳು?” ಎಂದು ಕೇಳಿದೆ.

“ಶಾಲೆಯಿಂದ ಇನ್ನೂ ಬಂದಿಲ್ಲವಂತೆ” ಎಂದಳು.