ಅಧಿಕಾರದ ಟೋಪಿ

ಶಿಕಾರಿಪುರ ತಾಲ್ಲೂಕಿನ ಈಸೂರೆಂದರೆ 1943ರ ಮಾರ್ಚ್ ತಿಂಗಳಲ್ಲಿ ಗಲ್ಲಿಗೇರಿದ ಐವರ ನೆನಪಾಗುತ್ತದೆ. ಅದು ಸಹಜವೇ. ಆದರೆ ಆ ಕಥೆಯೊಳಗಿನ ಸಣ್ಣ ಸಂಗತಿಯೊಂದು ನನ್ನನ್ನು ಬಹುಕಾಲದಿಂದ ಕಾಡುತ್ತಿದೆ.

1942ರ ಸೆಪ್ಟೆಂಬರಿನಲ್ಲಿ ಊರವರು ತಾವು ಸ್ವತಂತ್ರರೆಂದು ಸಾರಿದರಷ್ಟೆ. ಸಾರಿ ಮಾಡಿದ್ದೇನು? ಬಾಲಕನೊಬ್ಬನನ್ನು ಅಮಲ್ದಾರನನ್ನಾಗಿಯೂ ಇನ್ನೊಬ್ಬನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿದರು! ಹುಡುಗರನ್ನು ಸರ್ಕಾರ ಸೆರೆಗೆ ಹಾಕಲಾರದೆಂಬ ಎಣಿಕೆ ಇದರ ಹಿಂದಿತ್ತೆನ್ನುತ್ತಾರೆ, ಇರಬಹುದು. ಆದರೂ ಅಮಲ್ದಾರನೇ ಇಲ್ಲದ ಸ್ವರಾಜ್ಯ ಅವರ ಕಲ್ಪನೆಗೆ ನಿಲುಕಲಿಲ್ಲ. ಸರ್ಕಾರದ ಅಧಿಕಾರಿಗಳು ಬಂದಾಗ ಗಾಂಧಿ ಟೋಪಿ ಧರಿಸಿರೆಂದು ಒತ್ತಾಯಿಸಿದರು. ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ತೆತ್ತರು. ಟೋಪಿ ಬದಲಾಗಿದ್ದರೆ ಅದೇ ತಲೆಗಳಿಗೆ ಊರು ಮತ್ತೆ ಕೈಮುಗಿಯುತ್ತಿತ್ತೇನೋ! ತಲೆಬಾಗುವ ಅಭ್ಯಾಸ ಅಷ್ಟು ಹಳೆಯದು.

ನೆರೆಯ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಸರ್ಕಾರದ ಟೋಪಿಗೆ ಯಾರೂ ಬಾಗಲಿಲ್ಲ. 1986ರ ಮಾರ್ಚ್ ತಿಂಗಳಲ್ಲಿ, ರೇಣುಕಾಂಬೆಯ ಜಾತ್ರೆಯಲ್ಲಿ, ಬೆತ್ತಲೆ ಸೇವೆಯನ್ನು ತಡೆಯಹೋದ ಕಾರ್ಯಕರ್ತರ ಮೇಲೂ ಪೊಲೀಸರ ಮೇಲೂ ಭಕ್ತರು ಎರಗಿ, ಅವರನ್ನೇ ವಿವಸ್ತ್ರಗೊಳಿಸಿದರು. ಕಾನೂನಿಗೆ ಅಂಜದ ಆ ಜನ ನಿರ್ಭೀತರೇ? ಅಲ್ಲ. ಅಜ್ಜಿ ಹೊತ್ತ ಹರಕೆ, ತಂದೆ ನಡೆಸಿಬಂದ ಸೇವೆ, ದೇವಿಯ ಮುನಿಸು—ಇವುಗಳಿಗಿಂತ ದೊಡ್ಡ ಅಮಲ್ದಾರರು ಅವರಿಗೆಲ್ಲಿದ್ದರು?

ದೂರದ ಪಟ್ಟಣಗಳಲ್ಲಿದ್ದ ನಾವು ಅದನ್ನು ಮೌಢ್ಯವೆಂದೆವು. ಬೆತ್ತಲೆ ಸೇವೆ ನಿಲ್ಲಬೇಕಾದದ್ದೇ ಸರಿ. ಆ ಮಾತಿನಲ್ಲಿ ನನಗೆ ಸಂದೇಹವಿಲ್ಲ. ಆದರೆ ನಮಗೆ ಹಾಗೆನ್ನಲು ಪತ್ರಿಕೆ ಹೇಳಿಕೊಟ್ಟಿತ್ತು, ಅವರಿಗೆ ಅಜ್ಜಿ. ನಮ್ಮಲ್ಲಿ ಎಷ್ಟು ಮಂದಿ ಚಂದ್ರಗುತ್ತಿಯ ಮೆಟ್ಟಿಲೇರಿ, ಹರಕೆ ಹೊತ್ತವಳ ಮಾತನ್ನು ಕೇಳಿದ್ದೆವು?

ಅನಂತರ ಸರ್ಕಾರ ಸೇವೆಯನ್ನು ನಿಷೇಧಿಸಿತು. ಜಾತ್ರೆ ನಡೆಯುತ್ತಲೇ ಇದೆ.