ಹೆಂಚಿನ ಕಾರ್ಖಾನೆಗೆ ಇನ್ನೊಂದು ಬದುಕು

ನಮ್ಮ ಬೊಮ್ಮನಹಳ್ಳಿಯ ಹೊಸೂರು ರಸ್ತೆ ಬದಿಯ ಗಾಜಿನ ಕಚೇರಿಗಳಲ್ಲಿ ಏ.ಸಿ. ನಿಂತರೆ ಕೂರುವುದೇ ಕಷ್ಟ. ಮಂಗಳೂರಿನ ಹಳೆಯ ಹೆಂಚಿನ ಕಾರ್ಖಾನೆಗಳಿಗೆ ಆ ಚಿಂತೆ ಇರಲಿಲ್ಲ.

ಬಾಸೆಲ್ ಮಿಶನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ, ಅಲ್ಲಿನ ಮೊದಲ ಕಾರ್ಖಾನೆ ತೆರೆದರು. ನದಿ ದಡವೇ ಏಕೆ? ಜೇಡಿಮಣ್ಣು, ಸೌದೆ ಬರುತ್ತಿದ್ದುದು ದೋಣಿಯಲ್ಲಿ. ಸುಟ್ಟ ಹೆಂಚು ಬಂದರಿಗೆ ಹೋಗುವುದಕ್ಕೂ ನೀರೇ ದಾರಿ. ಹಸಿ ಹೆಂಚನ್ನು ಬಿಸಿಲಿಗಿಟ್ಟರೆ ಬಿರಿಯುತ್ತದೆ. ಅದು ನೆರಳಿನಲ್ಲಿ, ಗಾಳಿಗೆ, ನಿಧಾನವಾಗಿ ಒಣಗಬೇಕು. ಅದಕ್ಕೆಂದೇ ಇಳಿಜಾರು ಮಾಡು, ಉದ್ದನೆಯ ಅಂಕಣ, ಗಾಳಿಯಾಡುವ ಬದಿಗಳು. ಹೆಂಚಿಗಾಗಿ ಮಾಡಿದ ತಂಪು ಮನುಷ್ಯರಿಗೂ ಒದಗುತ್ತದೆ ತಾನೆ?

ಕಾಂಕ್ರೀಟ್ ತಾರಸಿ ಬಂದು ಬೇಡಿಕೆ ಕುಸಿಯಿತು. ಹೆಚ್ಚಿನ ಕಾರ್ಖಾನೆಗಳು ಬಾಗಿಲು ಹಾಕಿದವು. ಈಗ ಬೆಲೆ ಜಾಗಕ್ಕೆ, ಕಟ್ಟಡಕ್ಕಲ್ಲ. ಆದರೆ ಕೆಡವುವವರು ಮರೆಯುವ ಲೆಕ್ಕವೊಂದುಂಟು. ಹಳೆಯ ಗೋಡೆ, ಮಾಡುಗಳಿಗೆ ಬೇಕಾದ ಇಂಧನ ಎಂದೋ ಉರಿದು ಮುಗಿದಿದೆ. ಹೊಸ ಕಟ್ಟಡದ ಸಿಮೆಂಟು, ಉಕ್ಕಿಗೆ ಮತ್ತೆ ಉರಿಸಬೇಕು.

ನೆರೆಯ ಕೊಚ್ಚಿಯಲ್ಲಿ, ಸಾಂಬಾರ ಪದಾರ್ಥಗಳ ವ್ಯಾಪಾರ ನಡೆಯುತ್ತಿದ್ದ ಕಡಲಂಚಿನ ಆಸ್ಪಿನ್‌ವಾಲ್ ಹೌಸ್, 2012ರಲ್ಲಿ ಆರಂಭವಾದ ಬಿನಾಲೆ ಕಲಾಪ್ರದರ್ಶನದ ಮುಖ್ಯ ತಾಣವಾಯಿತು. ಮಂಗಳೂರಿನಲ್ಲಿ ಕಲಾಪ್ರದರ್ಶನವೇ ಆಗಬೇಕೆಂದಿಲ್ಲ. ಸಂತೆ, ಗ್ರಂಥಾಲಯ, ಕಸುಬು ಕಲಿಸುವ ಶಾಲೆ, ಯಾವುದಾದರೂ ಆದೀತು. ಉಳಿಸುತ್ತೇವೆಂದು ಬದಿಗಳಿಗೆ ಗಾಜು ಜಡಿದು ಏ.ಸಿ. ಕೂರಿಸಿದರೆ ಮಾತ್ರ ಹೊಸೂರು ರಸ್ತೆಯೇ ಅಲ್ಲಿಗೂ ಹೋದಂತೆ.

ಯೋಜನೆಗೆ ಕಾಲ ಹಿಡಿಯಲಿ, ಒಡೆದ ಹೆಂಚು ಬದಲಿಸಲು ಕಾಯುವಂತಿಲ್ಲ. ಕರಾವಳಿಯ ಮಳೆ ಒಳಗೆ ಸೋರತೊಡಗಿದರೆ ಮೊದಲು ಕೊಳೆಯುವುದು ಮಾಡು ಹೊತ್ತ ಪಕ್ಕಾಸುಗಳೇ.